ಗುಂಡಿ ಮಾಡಿದ ಊರು

"ಈ ಊರಾಗ ನೋಡುವಂಥಾದ್ದು ಏನೈತಿ ತಂಗಿ? ನನ್ನ ಮಗಾ ಚಿಕಾಗೋ ತೋರಿಸ್ತೀನಿ ಅಂತಾನ, ಅವಂಗ ರಜಾ ಸಿಗವಲ್ದು."

ಹಾಗನ್ನಬೇಡಿ ಕಾಕಾ. ಚಿಕಾಗೋ ಎಲ್ಲಿಗೂ ಓಡಿಹೋಗಲ್ಲ. ಕಾರಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ, ರಜ ಸಿಕ್ಕಾಗ ಹೋಗಿಬಂದರಾಯಿತು. ನೀವು ಬೇಲಿ ಹತ್ತಿರ ಬನ್ನಿ, ಆ ಕುರ್ಚಿ ಇತ್ತ ಎಳ್ಕೊಳ್ಳಿ. ಗೋಳಗುಮ್ಮಟ ನೋಡಿದ ಕಣ್ಣಿಗೆ ಅಯೋವಾ ರಾಜ್ಯದ ಈ ಮಸ್ಕಟೀನ್‌ನಲ್ಲಿ ಏನು ಕಂಡೀತು ಅಂತ ನಿಮಗೆ ಅನ್ನಿಸೋದು ಸಹಜ. ಇಪ್ಪತ್ನಾಲ್ಕು ಸಾವಿರ ಜನವೂ ಇಲ್ಲ ಇಲ್ಲಿ. ಎರಡನೇ ಬೀದಿಯ ಅಂಗಡಿಸಾಲು, ಗುಡ್ಡದ ಮೇಲಿನ ಹಳೇ ಮನೆಗಳು, ಕೆಳಗೆ ನದಿ. ಅರ್ಧ ದಿನದಲ್ಲಿ ಸುತ್ತಿ ಮುಗಿಸಬಹುದು. ಆದರೆ ಸುತ್ತಿದರೆ ಈ ಊರು ಕಾಣಲ್ಲ, ಕೂತು ಕೇಳಬೇಕು. ಇಲ್ಲಿನ ಹೆಗ್ಗುರುತುಗಳು ಹೆಚ್ಚಿನವು ಕೈಯಳತೆಯವು.

ಮೊದಲು ಇದನ್ನ ಹಿಡ್ಕೊಳ್ಳಿ. ಮೊನ್ನೆ ಟೊಮೇಟೊ ಪಾತಿ ಅಗೆಯುವಾಗ ಸಿಕ್ಕಿತು. ಹೌದು, ಕಪ್ಪೆಚಿಪ್ಪೇ. ಹೊರಗಡೆ ಕಂದು ಬಣ್ಣ, ಉಗುರು ತಾಗಿಸಿದರೆ ಗೆರೆಗೆರೆ ಸಿಗುತ್ತೆ. ತಿರುಗಿಸಿ ಒಳಗಡೆ ನೋಡಿ: ಮಣ್ಣು ತೊಳೆದ ತಕ್ಷಣ ಆ ಬಿಳುಪು, ಬಿಸಿಲಿಗೆ ಹಿಡಿದರೆ ಒಂದಿಷ್ಟು ಗುಲಾಬಿ, ಒಂದಿಷ್ಟು ನೀಲಿ. ಈಗ ಆ ತೂತುಗಳನ್ನ ನೋಡಿ. ಆರಿವೆ. ಯಾವುದೂ ಸವೆದು ಆದದ್ದಲ್ಲ, ಒಡೆದದ್ದೂ ಅಲ್ಲ. ಕಂಪಾಸು ಇಟ್ಟು ಎಳೆದ ಹಾಗೆ ದುಂಡಗೆ, ಅಂಚು ನುಣ್ಣಗೆ. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಉಳಿದಿರೋ ಗೋಡೆ ಕಾಗದದಷ್ಟು ತೆಳ್ಳಗೆ. ಕೊಯ್ದವನು ಒಂದು ಚೂರೂ ಹಾಳುಮಾಡಬಾರದು ಅಂತ ಎಷ್ಟು ಲೆಕ್ಕ ಹಾಕಿದ್ದಾನೆ! ಆ ಆರು ತೂತಿನಿಂದ ಆರು ಬಿಲ್ಲೆ ಹೋಗಿವೆ; ಆರು ಅಂಗಿಗುಂಡಿ ಆಗಿ, ಎಲ್ಲೋ ಯಾರದೋ ಎದೆಮೇಲೆ ಕೂತು ಸವೆದಿವೆ. ಈ ಊರಲ್ಲಿ ಹಳೇ ಮನೆಗಳ ಹಿತ್ತಲು ಅಗೆದರೆ ಇಂಥದ್ದು ಸಿಗುತ್ತೆ. ಗುಂಡಿ ಕೊಯ್ದು ಉಳಿದ ಚಿಪ್ಪನ್ನ ಹಳ್ಳ ತುಂಬಿಸೋಕೆ, ದಾರಿಗೆ ಹಾಕೋಕೆ ಬಳಸಿಬಿಟ್ಟಿದ್ದರು.

"ಗುಂಡಿ? ಅಂಗಿ ಗುಂಡಿನ? ಇದರಾಗಿಂದ?"

ಇದರೊಳಗಿಂದಲೇ. 1905ರಲ್ಲಿ ಈ ಊರೊಂದರಲ್ಲೇ 150 ಕೋಟಿ ಗುಂಡಿ ಆದವು ಕಾಕಾ. ಪ್ರಪಂಚದಲ್ಲಿ ಆಗ ತಯಾರಾಗ್ತಿದ್ದ ಗುಂಡಿಗಳಲ್ಲಿ ನೂರಕ್ಕೆ ಮೂವತ್ತೇಳು ಪಾಲು ಇಲ್ಲಿಂದ ಹೋಗ್ತಿತ್ತು ಅಂತ ಲೆಕ್ಕ. ಇಲ್ಲೇ ಯಾಕೆ ಅಂತ ಕೇಳ್ತೀರಿ. ನದಿ ನೋಡಿದರೆ ಗೊತ್ತಾಗುತ್ತೆ. ಉತ್ತರದಿಂದ ಇಳಿದು ಬರೋ ಮಿಸಿಸಿಪ್ಪಿ ಡ್ಯಾವೆನ್‌ಪೋರ್ಟ್ ಹತ್ತಿರ ಪಶ್ಚಿಮಕ್ಕೆ ಹರಿಯುತ್ತೆ, ನಮ್ಮೂರಿಗೆ ಬಂದು ಮತ್ತೆ ದಕ್ಷಿಣಕ್ಕೆ ಹೊರಳುತ್ತೆ. ಈ ತಿರುವಿನ ಆಸುಪಾಸಿನ ತಳದಲ್ಲಿ ಕಪ್ಪೆಚಿಪ್ಪಿನ ಹಾಸೇ ಇತ್ತು. ಸಾವಿರಾರು ವರ್ಷ ಯಾರೂ ಕೈ ಹಾಕಿ ಬರಿದು ಮಾಡದೆ ಬೆಳೆದ ಹಾಸು.

ಕೈ ಹಾಕಿದವನು ಜರ್ಮನಿಯವನು. ಜಾನ್ ಬೆಪ್ಲ್ ಅಂತ. ಹ್ಯಾಂಬರ್ಗ್ ಪಕ್ಕದ ಆಟನ್‌ಸೆನ್‌ನಲ್ಲಿ ಹುಟ್ಟಿದವನು, ಕೊಂಬು, ಮೂಳೆ, ಸಮುದ್ರದ ಚಿಪ್ಪು ಇವುಗಳಿಂದ ಗುಂಡಿ ಕಡೆಯೋದು ಕಸುಬು. 1887ರಲ್ಲಿ ಅಮೆರಿಕಕ್ಕೆ ಬಂದ. ಇಲಿನಾಯ್‌ನ ಸ್ಯಾಂಗಮನ್ ಅನ್ನೋ ಸಣ್ಣ ನದಿಯಲ್ಲಿ ಸ್ನಾನಕ್ಕೆ ಇಳಿದಾಗ ಅಂಗಾಲಿಗೆ ಏನೋ ಕೊಯ್ದಿತು, ಬಗ್ಗಿ ತೆಗೆದು ನೋಡಿದರೆ ಕಪ್ಪೆಚಿಪ್ಪು, ಅಲ್ಲಿಂದ ಅವನ ತಲೆ ಓಡಿತು ಅಂತ ಊರಿನ ಕಥೆ. ಅಷ್ಟರಲ್ಲಿ 1890ರಲ್ಲಿ ಮೆಕಿನ್ಲಿ ಅನ್ನೋ ರಾಜಕಾರಣಿ ತಂದ ಕಾಯ್ದೆ ಹೊರದೇಶದ ಗುಂಡಿಗಳ ಮೇಲೆ ದೊಡ್ಡ ಸುಂಕ ಹೇರಿತು. ಹೊರಗಿನ ಗುಂಡಿ ತುಟ್ಟಿ ಆಯಿತು, ಒಳಗಿನದಕ್ಕೆ ದಾರಿ ಬಿಟ್ಟಿತು. 1891ರಲ್ಲಿ ಬೆಪ್ಲ್ ಮಸ್ಕಟೀನ್‌ನಲ್ಲಿ ಗುಂಡಿ ಕೊಯ್ಯಲು ಶುರುಮಾಡಿದ. ಈ 1891 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ, ಆಮೇಲೆ ಇನ್ನೊಂದು ಮಾತಿಗೆ ಬೇಕು.

ಚಿಪ್ಪು ಹಿಡಿಯೋ ಉಪಾಯ ಕೇಳಿ, ನನಗೆ ಈ ಭಾಗ ತುಂಬ ಇಷ್ಟ. ತಳ ಚಪ್ಪಟೆಯಾದ ದೋಣಿ. ಅದರಿಂದ ಒಂದು ಉದ್ದನೆ ಸರಳು ನೀರಿಗೆ ಇಳಿಬಿಡ್ತಾರೆ. ಸರಳಿನ ತುಂಬ ದಾರಗಳು, ದಾರದ ತುಂಬ ನಾಲ್ಕು ಮೊನೆಯ ಕೊಕ್ಕೆಗಳು. ಕಾಗೆಕಾಲಿನ ಹಾಗೆ ಇರೋ ಕೊಕ್ಕೆ. ಕಪ್ಪೆಚಿಪ್ಪು ತಳದ ಮರಳಲ್ಲಿ ಅರ್ಧ ಹೂತು, ಬಾಯಿ ತುಸು ತೆರೆದು, ಹರಿದು ಬರೋ ನೀರು ಸೋಸಿ ತಿನ್ನುತ್ತಾ ಕೂತಿರುತ್ತೆ. ಕೊಕ್ಕೆ ಬಾಯಿಗೆ ತಾಗಿದರೆ ಸಾಕು, ಹೆದರಿ ಪಟಕ್ಕನೆ ಮುಚ್ಚಿಕೊಳ್ಳುತ್ತೆ. ಮುಚ್ಚಿಕೊಂಡರೆ ಬಿಡೋದಿಲ್ಲ. ಯಾವ ಬಾಗಿಲು ಹಾಕಿ ಜೀವ ಉಳಿಸಿಕೊಳ್ಳಬೇಕಿತ್ತೋ, ಅದೇ ಬಾಗಿಲಿಂದ ಸಿಕ್ಕಿಬೀಳುತ್ತೆ. ದೋಣಿಯನ್ನ ಹುಟ್ಟು ಹಾಕಿ ನಡೆಸಬೇಕಾಗಿಲ್ಲ, ನೀರೊಳಗೆ ಒಂದು ಹಲಗೆ ಅಡ್ಡ ಕಟ್ಟಿಬಿಟ್ಟರೆ ಹರಿವೇ ಅದನ್ನ ನೂಕಿಕೊಂಡು ಹೋಗುತ್ತೆ. ಆ ಹಲಗೆಗೆ ಇಲ್ಲಿಯವರು ಮ್ಯೂಲ್ ಅಂತಿದ್ದರು, ಹೇಸರಗತ್ತೆ. ದಡಕ್ಕೆ ತಂದು ದೊಡ್ಡ ತೊಟ್ಟಿಯಲ್ಲಿ ಬೇಯಿಸಿ, ಮಾಂಸ ಕಿತ್ತು, ಆ ಮಾಂಸದೊಳಗೆ ಬೆರಳಾಡಿಸಿ ಮುತ್ತು ಏನಾದರೂ ಇದೆಯಾ ಅಂತ ಹುಡುಕೋರು. ಅಪರೂಪಕ್ಕೆ ಸಿಗ್ತಿತ್ತು. ಸಿಕ್ಕಿದವನ ಮನೆಯಲ್ಲಿ ಆ ವರ್ಷ ಸಾಲ ತೀರ್ತಿತ್ತು. ಚಿಪ್ಪು ಮಾತ್ರ ಟನ್ ಲೆಕ್ಕದಲ್ಲಿ ಕಾರ್ಖಾನೆಗೆ.

ಅಲ್ಲಿ ಚಿಪ್ಪನ್ನ ಮೊದಲು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಕೊಯ್ಯುವಾಗ ಸೀಳುತ್ತೆ. ಆಮೇಲೆ ಕೊಳವೆ ಆಕಾರದ ಗರಗಸ. ಅದು ತಿರುಗ್ತಾ ಇರುತ್ತೆ, ಕೆಲಸಗಾರ ಇಕ್ಕಳದಲ್ಲಿ ಚಿಪ್ಪು ಹಿಡಿದು ಒತ್ತಬೇಕು, ನೀರು ಚಿಮ್ಮುತ್ತಲೇ ಇರಬೇಕು. ಇಡೀ ದಿನ ಮೈ ತೊಯ್ದುಕೊಂಡು, ಚಿಪ್ಪಿನ ಧೂಳು ಉಸಿರಾಡ್ತಾ ನಿಂತು ಮಾಡೋ ಕೆಲಸ. ಬಿಲ್ಲೆ ಬಿದ್ದ ಮೇಲೆ ಅದನ್ನ ದಪ್ಪ ನೋಡಿ ಬೇರೆ ಮಾಡಿ, ತಿಕ್ಕಿ, ಮೇಲ್ಮೈ ಕಡೆದು, ತೂತು ಕೊರೆದು, ಹೊಳಪು ಕೊಡಬೇಕು. ಬ್ಯಾರಿ ಅನ್ನೋ ಅಪ್ಪ-ಮಕ್ಕಳು ಈ ಊರಲ್ಲೇ ಒಂದು ಯಂತ್ರ ಕಟ್ಟಿದರು, ಕಡೆಯೋದು ಕೊರೆಯೋದು ಎರಡೂ ಅದೇ ಮಾಡ್ತಿತ್ತು. ಆಮೇಲೆ ಗುಂಡಿಗಳು ಮನೆಮನೆಗೆ ಬರ್ತಿದ್ದವು. ಹೆಂಗಸರು, ಮಕ್ಕಳು ಅಡುಗೆಮನೆ ಮೇಜಿನ ಸುತ್ತ ಕೂತು ಅವನ್ನ ರಟ್ಟಿನ ಕಾರ್ಡಿಗೆ ಹೊಲಿದು ಕೊಡೋರು. ಕಾರ್ಡಿಗಿಷ್ಟು ಅಂತ ಪುಡಿಗಾಸು. ನಮ್ಮಲ್ಲಿ ಮನೆಯಲ್ಲಿ ಕೂತು ಬೀಡಿ ಕಟ್ಟೋ ಹೆಂಗಸರ ಪಾಡೇ ಇವರದ್ದೂ.

"ಹಂಗಂದ್ರ ಆ ಜರ್ಮನಿ ಮನಷ್ಯಾ ಭಾಳ ಶ್ರೀಮಂತ ಆಗಿರಬೇಕು."

ಆಗಲಿಲ್ಲ ಕಾಕಾ. ಅದೇ ನನಗೆ ಹೊಟ್ಟೆ ಉರಿಯೋ ವಿಷಯ. ಅವನು ಕೈಕೆಲಸದವನು. ಒಂದೊಂದು ಗುಂಡಿಯನ್ನೂ ಕಣ್ಣಿಗೆ ಹಿಡಿದು ನೋಡೋ ಜಾತಿ. ಸುತ್ತ ಯಂತ್ರದವರು, ದುಡ್ಡಿನವರು ಬಂದು ಮುತ್ತಿದರು, ಅವನು ಶುರುಮಾಡಿದ ಕಂಪನಿಯೇ ಅವನ ಕೈ ತಪ್ಪಿತು. ಹೊತ್ತಿಗೆ ಸರಿಯಾಗಿ ನದಿಯೂ ಬರಿದಾಗ್ತಾ ಬಂತು. ಹತ್ತು ಹದಿನೈದು ವರ್ಷದಲ್ಲೇ ಊರ ಮುಂದಿನ ಹಾಸು ತೀರಿ, ಚಿಪ್ಪಿಗಾಗಿ ಬೇರೆ ಬೇರೆ ನದಿಗಳಿಗೆ ಹೋಗಬೇಕಾಯಿತು. ಆಗ ಸರ್ಕಾರ 1908ರಲ್ಲಿ ಇಲ್ಲಿಂದ ಸ್ವಲ್ಪ ಮೇಲಕ್ಕೆ, ಫೇರ್‌ಪೋರ್ಟ್‌ನಲ್ಲಿ, ಕಪ್ಪೆಚಿಪ್ಪು ಬೆಳೆಸೋದು ಹೇಗೆ ಅಂತ ನೋಡೋಕೆ ಒಂದು ಸಂಶೋಧನಾ ಕೇಂದ್ರ ಸ್ಥಾಪಿಸಿತು. ಬೆಪ್ಲ್ ಕೊನೆಗೆ ಅಲ್ಲಿ ಕೆಲಸಕ್ಕೆ ಸೇರಿದ. ನದಿ ಬರಿದಾಗೋಕೆ ಬಾಗಿಲು ತೆರೆದವನೇ ನದಿ ತುಂಬಿಸೋ ಕೆಲಸಕ್ಕೆ. ಇಂಡಿಯಾನಾದಲ್ಲಿ ಚಿಪ್ಪುಗಳನ್ನ ಹುಡುಕುತ್ತಾ ನೀರಲ್ಲಿ ನಡೆಯುವಾಗ ಒಂದು ಚಿಪ್ಪು ಕಾಲು ಕೊಯ್ದಿತು, ಗಾಯ ನಂಜಾಗಿ 1912ರಲ್ಲಿ ತೀರಿಕೊಂಡ. ಸ್ಯಾಂಗಮನ್ ನದಿಯ ಕಥೆಯನ್ನ ನಂಬದಿದ್ದರೂ ನಡೆಯುತ್ತೆ, ಇದು ಮಾತ್ರ ನಡೆದದ್ದು.

ಫೇರ್‌ಪೋರ್ಟ್‌ಗೆ ಒಂದು ದಿನ ಹೋಗೋಣ, ಅಲ್ಲಿ ಈಗಲೂ ರಾಜ್ಯ ಸರ್ಕಾರದ ಮೀನುಮರಿ ಕೇಂದ್ರ ಇದೆ. ಆ ಕಾಲದಲ್ಲಿ ಅಲ್ಲಿ ಮಾಡಿದ ಕೆಲಸ ಎಂಥದ್ದು ಗೊತ್ತಾ? ಕಪ್ಪೆಚಿಪ್ಪಿನ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಬದುಕಬೇಕಾದರೆ ಮೀನಿನ ಕಿವಿರಿಗೆ ಕಚ್ಚಿಕೊಂಡು ಕೆಲವು ವಾರ ಕಳೆಯಬೇಕು. ಎಲ್ಲಾ ಮೀನೂ ಆಗಲ್ಲ, ಒಂದೊಂದು ಜಾತಿ ಚಿಪ್ಪಿಗೆ ಅದರದೇ ಮೀನು ಬೇಕು. ಅಲ್ಲಿಯವರು ಮೀನು ಹಿಡಿದು, ಅದರ ಕಿವಿರಿಗೆ ಮರಿ ಹತ್ತಿಸಿ, ಮತ್ತೆ ನದಿಗೆ ಬಿಡ್ತಿದ್ದರು. ಮೀನು ಎಲ್ಲಿ ಹೋಗುತ್ತೋ ಅಲ್ಲಿ ಮರಿ ಉದುರಿ ನೆಲ ಹಿಡೀತದೆ. ನದಿ ಅಂದರೆ ಬರೀ ನೀರಲ್ಲ, ಮೀನಿಲ್ಲದಿದ್ದರೆ ಚಿಪ್ಪಿಲ್ಲ ಅಂತ ಆ ಜನ ನೂರು ವರ್ಷದ ಹಿಂದೆಯೇ ಕಂಡುಕೊಂಡರು. ಆದರೂ ಹಿಡಿಯೋ ಕೈಯ ವೇಗಕ್ಕೆ ಬೆಳೆಸೋ ಕೈ ಸಾಟಿಯಾಗಲಿಲ್ಲ. ಊರುಗಳ ಕೊಳಚೆ ಬಂತು, 1930ರ ದಶಕದಲ್ಲಿ ನದಿಯುದ್ದಕ್ಕೂ ಒಡ್ಡು ಕಟ್ಟಿ ಹರಿವು ತಡೆದರು. ನಮ್ಮೂರ ಮೇಲಿರೋ ಹದಿನಾರನೇ ನಂಬರಿನ ಲಾಕ್ ಅಂಡ್ ಡ್ಯಾಮ್ 1937ರದ್ದು, ಜೋಳ ತುಂಬಿದ ಬಾರ್ಜ್‌ಗಳು ದಾಟೋದು ನೋಡಿದಿರಲ್ಲ, ಅದೇ. ಹಡಗಿಗೆ ಒಳ್ಳೆಯದಾಯಿತು, ಹರಿಯೋ ನೀರೇ ಬೇಕಾಗಿದ್ದ ಕೆಲವು ಚಿಪ್ಪಿನ ಜಾತಿಗಳಿಗೆ ಕಷ್ಟವಾಯಿತು. ಹಿಗಿನ್ಸ್ ಐ ಅಂತ ಒಂದು ಜಾತಿ, ಇದೇ ಮಿಸಿಸಿಪ್ಪಿಯದ್ದು, 1976ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ನದಿ ದಡದಲ್ಲಿ ಚಿಪ್ಪು ಹಿಡಿಯೋನ ದೊಡ್ಡ ಪ್ರತಿಮೆ ಇದೆಯಲ್ಲ, ಅದರ ಹತ್ತಿರ ಮೊಮ್ಮಗನನ್ನ ಕರೆದುಕೊಂಡು ಹೋದಾಗ ಈ ಮೀನಿನ ಕಥೆಯನ್ನೂ ಹೇಳಿ. ಹಿಡಿದದ್ದು ಮಾತ್ರ ಹೇಳಿದರೆ ಅರ್ಧ ಕಥೆ ಆಗುತ್ತೆ.

ಹಾಗೇ ಕೆಲಸದವರ ಕಥೆ. ಇಲ್ಲಿ ಗುಂಡಿ ಕೆಲಸದವರು ಸಂಘ ಕಟ್ಟಿದರು. ಎಣಿಕೆಯಲ್ಲಿ ಮೋಸ ಆಗ್ತಿದೆ, ಕೂಲಿ ಸಾಲದು ಅನ್ನೋದು ದೂರು. 1911ರ ಫೆಬ್ರುವರಿಯಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿದವು, ಬೀದಿಯಲ್ಲಿ ಹೊಡೆದಾಟ, ರಾಜ್ಯಪಾಲರು ಸೈನ್ಯ ಕಳಿಸಿದರು. ಇಷ್ಟು ಸಣ್ಣ ಊರಲ್ಲಿ ಅಣ್ಣ ಒಂದು ಕಡೆ ತಮ್ಮ ಒಂದು ಕಡೆ ಆಗಿರಬೇಕು. ಆ ಹೋರಾಟದಲ್ಲಿ ಎದ್ದುನಿಂತವಳು ಪರ್ಲ್ ಮೆಗಿಲ್, ಪಕ್ಕದ ಹಳ್ಳಿಯ ಹುಡುಗಿ, ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಇಲ್ಲಿಂದ ಹೋಗಿ ಮರುವರ್ಷ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಬಟ್ಟೆಗಿರಣಿ ಮುಷ್ಕರದಲ್ಲೂ ಭಾಷಣ ಮಾಡಿದಳು. ನಾನು ಗುಂಡಿಗಳ ಮ್ಯೂಸಿಯಮ್ಮಿಗೆ ಹೋದಾಗಲೆಲ್ಲ ಯಂತ್ರಗಳ ಮುಂದೆ ನಿಂತು ಇವಳನ್ನ ನೆನೆಸಿಕೊಳ್ಳುತ್ತೇನೆ.

"ಈಗ ಗುಂಡಿ ಕೆಲಸ ಐತೇನು?"

ಚಿಪ್ಪಿನದ್ದಿಲ್ಲ. ಪ್ಲಾಸ್ಟಿಕ್ ಬಂತು, ಜಿಪ್ ಬಂತು, ಬಟ್ಟೆ ಒಗೆಯೋ ಯಂತ್ರದ ಬಿಸಿನೀರು ಸೋಪಿಗೆ ಚಿಪ್ಪಿನ ಗುಂಡಿ ತಾಳಲಿಲ್ಲ. 1960ರ ದಶಕದ ಹೊತ್ತಿಗೆ ಮುಗೀತು. ಆದರೆ ಒಂದು ವಿಷಯ ಕೇಳಿ, ಕಾಕೂ ಅವರ ಕಿವಿಯಲ್ಲಿ ಮುತ್ತಿನ ಓಲೆ ನೋಡಿದೆ ನಾನು. ಜಪಾನಿನವರು ಮುತ್ತು ಬೆಳೆಸುವಾಗ ಸಿಂಪಿಯೊಳಗೆ ಒಂದು ಸಣ್ಣ ಮಣಿ ಇಡಬೇಕು, ಅದರ ಸುತ್ತ ಮುತ್ತು ಕಟ್ಟುತ್ತೆ. ಆ ಮಣಿಗೆ ಬಹಳ ಕಾಲ ಒದಗಿದ್ದು ಈ ಮಿಸಿಸಿಪ್ಪಿ ಮತ್ತು ಅದರ ಉಪನದಿಗಳ ಕಪ್ಪೆಚಿಪ್ಪು. ಅವರ ಓಲೆ ಜಪಾನಿನ ಬೆಳೆಸಿದ ಮುತ್ತಾಗಿದ್ದರೆ, ಅದರ ನಡುವೆ ಈ ನದಿಯ ಚೂರು ಇರಬಹುದು.

ಇನ್ನು ಉಳಿದವು ಬೇಗ ಹೇಳ್ತೀನಿ. ಗುಂಡಿಗಿಂತ ಮೊದಲು ಮರದ ಕಾಲ. ಉತ್ತರದ ಕಾಡಿನಿಂದ ಪೈನ್ ದಿಮ್ಮಿ ನದಿಯಲ್ಲಿ ತೇಲಿ ಬರ್ತಿದ್ದವು, ಇಲ್ಲಿ ಕೊಯ್ತಿದ್ದರು. ಗುಡ್ಡದ ಮೇಲಿನ ದೊಡ್ಡ ಮನೆಗಳು ಆ ದುಡ್ಡಿನವು. ಮಸರ್ ಮನೆತನದ ಮನೆ ಈಗ ಕಲಾಸಂಗ್ರಹಾಲಯ, ಅದಕ್ಕೆ ಅವಶ್ಯ ಹೋಗಿ. ಊರಿಗೆ ಮೊದಲು ಬ್ಲೂಮಿಂಗ್ಟನ್ ಅಂತ ಹೆಸರಿತ್ತು, 1850ರ ಹೊತ್ತಿಗೆ ಮಸ್ಕಟೀನ್ ಆಯಿತು. ಮಾರ್ಕ್ ಟ್ವೇನ್ ಅಣ್ಣ ಇಲ್ಲಿ ಪತ್ರಿಕೆ ನಡೆಸ್ತಿದ್ದ, ತಮ್ಮನೂ ಕೆಲಕಾಲ ಇಲ್ಲಿದ್ದ, ಆ ಪತ್ರಿಕೆಗೆ ಬರೆದ. ಇಲ್ಲಿನ ಬೇಸಿಗೆಯ ಸೂರ್ಯಾಸ್ತವನ್ನ ಮುಂದೆ ಪುಸ್ತಕದಲ್ಲಿ ಬಾಯಿ ತುಂಬ ಹೊಗಳಿದ್ದಾನೆ. ಅವನ ಹೆಸರಿನ ದಿಬ್ಬದಿಂದ ನೋಡಿದರೆ ನದಿಯ ತಿರುವು, 1972ರ ಸೇತುವೆ, ಆಚೆ ಇಲಿನಾಯ್ ಎಲ್ಲಾ ಕಾಣುತ್ತೆ. ಊರ ದಕ್ಷಿಣಕ್ಕೆ ಮರಳುನೆಲ, ಅಲ್ಲಿ ಬೆಳೆಯೋ ಕರಬೂಜ ಕಲ್ಲಂಗಡಿಗೆ ಸುತ್ತಮುತ್ತ ಹೆಸರು. ಆಗಸ್ಟಿನಲ್ಲಿ ರಸ್ತೆಬದಿ ಸಿಗುತ್ತೆ, ನಿಮಗೆ ತಂದುಕೊಡ್ತೀನಿ. ನಿಮ್ಮ ಮಗ ಮೇಜು ಕುರ್ಚಿ ಕಂಪನಿಯಲ್ಲಿದ್ದಾನಲ್ಲ, ಆ ಕಸುಬು ಇಲ್ಲಿ ಬೇರೂರಿದ್ದು 1940ರ ದಶಕದಲ್ಲಿ. ಇನ್ನು ಚೀನಾದ ಷಿ ಜಿನ್‌ಪಿಂಗ್ ಉಳಿದಿದ್ದ ಮನೆ. 1985ರಲ್ಲಿ ಹೆಬೈ ಪ್ರಾಂತ್ಯದ ಒಬ್ಬ ಸಣ್ಣ ಅಧಿಕಾರಿಯಾಗಿ, ಬೇಸಾಯ ನೋಡೋಕೆ ಬಂದು ಇಲ್ಲಿ ಒಂದು ಕುಟುಂಬದ ಮನೆಯಲ್ಲಿ ಇದ್ದರು. 2012ರಲ್ಲಿ ಮತ್ತೆ ಬಂದರು, ಉಪಾಧ್ಯಕ್ಷರಾಗಿ. ನೆಂಟರು ಬಂದರೆ ಎಲ್ಲರೂ ಅಲ್ಲಿಗೇ ಮೊದಲು ಕರೆದುಕೊಂಡು ಹೋಗ್ತಾರೆ. ನಾನಾದರೆ ಮೂರನೇ ಬೀದಿಗೆ ಕರೆದುಕೊಂಡು ಹೋಗ್ತೀನಿ.

ಮೂರನೇ ಬೀದಿಯಲ್ಲಿ ಒಂದು ಇಟ್ಟಿಗೆ ಮನೆ. ಎರಡು ಸಂಸಾರಕ್ಕೆ ಆಗೋ ಹಾಗೆ ಕಟ್ಟಿದ್ದು, 1878ರದ್ದು. ದಾರಿಹೋಕರು ತಿರುಗಿ ನೋಡೋ ಅಂದಚೆಂದ ಏನಿಲ್ಲ. ಅದನ್ನ ಕಟ್ಟಿಸಿದವನು ಅಲೆಗ್ಸಾಂಡರ್ ಕ್ಲಾರ್ಕ್. ಕಪ್ಪುಜನಾಂಗದವನು, ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು, 1842ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಈ ಊರಿಗೆ ಬಂದ. ಕ್ಷೌರದಂಗಡಿ ಹಾಕಿದ. ಸ್ಟೀಮ್‌ಬೋಟ್‌ಗಳು ಇಲ್ಲಿ ನಿಲ್ತಿದ್ದವು, ಅವುಗಳ ಬಾಯ್ಲರಿಗೆ ಸೌದೆ ಒದಗಿಸಿದ, ಕೂಡಿದ ದುಡ್ಡಲ್ಲಿ ಜಾಗ ಕೊಂಡ. ಕ್ಷೌರದಂಗಡಿ ಅಂದಮೇಲೆ ಗೊತ್ತಲ್ಲ ಕಾಕಾ, ಊರಿನ ವಕೀಲ, ವ್ಯಾಪಾರಿ, ರಾಜಕೀಯದವರು ಎಲ್ಲರೂ ಬಂದು ಕೂರ್ತಾರೆ, ಮಾತಾಡ್ತಾರೆ. ಅವನು ಎಲ್ಲಾ ಕೇಳಿಸಿಕೊಂಡ. ಅಂತರ್ಯುದ್ಧ ಬಂದಾಗ ಕಾಲು ಊನ ಇದ್ದದ್ದರಿಂದ ತಾನು ಸಿಪಾಯಿ ಆಗಲಾಗಲಿಲ್ಲ, ಆದರೆ ಅಯೋವಾದ ಕಪ್ಪು ರೆಜಿಮೆಂಟಿಗೆ ಜನ ಸೇರಿಸಿದ.

ಯುದ್ಧ ಮುಗಿದು ಎರಡು ವರ್ಷ. 1867ರಲ್ಲಿ ಅವನ ಮಗಳು ಸೂಸನ್‌ಗೆ ಹನ್ನೆರಡು. ಹತ್ತಿರದ ಗ್ರಾಮರ್ ಶಾಲೆಗೆ ಹೋದಳು. ಬಾಗಿಲಲ್ಲೇ ವಾಪಸ್ ಕಳಿಸಿದರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದೆ, ಅಲ್ಲಿಗೆ ಹೋಗು ಅಂತ. ಅಯೋವಾದಲ್ಲಿ ಗುಲಾಮಗಿರಿ ಇರಲಿಲ್ಲ ಅಂತ ಇಲ್ಲಿಯವರು ಹೆಮ್ಮೆಪಡ್ತಾರೆ. ಆ ಹೆಮ್ಮೆಯ ಪಕ್ಕದಲ್ಲೇ ಆ ಬಾಗಿಲೂ ಇತ್ತು. ಕ್ಲಾರ್ಕ್ ಸುಮ್ಮನಿರಲಿಲ್ಲ, ಶಾಲಾ ಮಂಡಳಿಯ ಮೇಲೆ ದಾವೆ ಹಾಕಿದ. ಕೆಳಗಿನ ಕೋರ್ಟಿನಲ್ಲಿ ಗೆದ್ದ. ಮಂಡಳಿ ಮೇಲ್ಮನವಿ ಹಾಕಿತು. ಬೇರೆ ಶಾಲೆ ಇರಲಿ ಅನ್ನೋದು ಜನರ ಭಾವನೆ ಅನ್ನೋ ವಾದವನ್ನೂ ಇಟ್ಟರು. 1868ರಲ್ಲಿ ಅಯೋವಾದ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಬಣ್ಣ ನೋಡಿ ಮಗುವನ್ನ ಬೇರೆ ಶಾಲೆಗೆ ಅಟ್ಟೋ ಅಧಿಕಾರ ಮಂಡಳಿಗಿಲ್ಲ, ಶಿಕ್ಷಣ ಎಲ್ಲಾ ಮಕ್ಕಳಿಗೆ ಅಂತ ತೀರ್ಪು ಕೊಟ್ಟಿತು.

ಈ ದೇಶದ ಸುಪ್ರೀಂ ಕೋರ್ಟ್ ಅಂಥ ತೀರ್ಪು ಕೊಟ್ಟದ್ದು ಯಾವಾಗ ಗೊತ್ತಾ? 1954ರಲ್ಲಿ, ಬ್ರೌನ್ ಮೊಕದ್ದಮೆಯಲ್ಲಿ. ಎಂಬತ್ತಾರು ವರ್ಷ ಆಮೇಲೆ. ನಡುವೆ ಎಷ್ಟು ತಲೆಮಾರಿನ ಮಕ್ಕಳು ಬೇರೆ ಬಾಗಿಲಿಂದ ಹೋದರು ಲೆಕ್ಕ ಹಾಕಿ. ಅದೇ 1868ರಲ್ಲಿ ಅಯೋವಾದ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಬಂತು, ಅದಕ್ಕೂ ಕ್ಲಾರ್ಕ್ ದುಡಿದಿದ್ದ. ಸೂಸನ್ 1871ರಲ್ಲಿ ಇದೇ ಊರಿನ ಹೈಸ್ಕೂಲ್ ಮುಗಿಸಿದಳು. ಮಗ ಅಯೋವಾ ವಿಶ್ವವಿದ್ಯಾಲಯದಲ್ಲಿ 1879ರಲ್ಲಿ ಕಾನೂನು ಓದಿ ಮುಗಿಸಿದ. ಮಗ ಓದಿದ್ದನ್ನ ನೋಡಿ ಅಪ್ಪನೂ ಸೇರಿ, 1884ರಲ್ಲಿ, ಐವತ್ತೆಂಟರ ವಯಸ್ಸಿಗೆ, ಅದೇ ಪದವಿ ಪಡೆದ. ನಾವು ಅರವತ್ತಾಯಿತು ಅಂತ ಕನ್ನಡಕ ಕಳಚಿಟ್ಟು ಕೂರ್ತೀವಲ್ಲ, ಆಗ ನನಗೆ ಈ ಮನುಷ್ಯ ನೆನಪಾಗ್ತಾನೆ. 1890ರಲ್ಲಿ ಅಧ್ಯಕ್ಷ ಹ್ಯಾರಿಸನ್ ಅವನನ್ನ ಲೈಬೀರಿಯಾಕ್ಕೆ ರಾಯಭಾರಿಯಾಗಿ ಕಳಿಸಿದರು. ಮರುವರ್ಷವೇ ಅಲ್ಲಿ ತೀರಿಕೊಂಡ. 1891. ಆಗ ಹೇಳಿದೆನಲ್ಲ ಇಸವಿ, ಬೆಪ್ಲ್ ಇಲ್ಲಿ ಮೊದಲ ಗುಂಡಿ ಕೊಯ್ದ ವರ್ಷ. ಊರಿಗೆ ದುಡ್ಡು ತರೋನು ಬಂದ ವರ್ಷವೇ ಊರಿಗೆ ಮರ್ಯಾದೆ ತಂದವನು ಹೋದ. ಶವವನ್ನ ಆಫ್ರಿಕಾದಿಂದ ಇಲ್ಲಿಗೆ ತಂದು ಗ್ರೀನ್‌ವುಡ್ ಸ್ಮಶಾನದಲ್ಲಿ ಹೂಳಿದರು.

"ಮನೀ ಮಾತ್ರ ಉಳದೈತಲ್ಲ, ಅದು ಚಲೋ ಆತು."

ಅದೂ ಸುಮ್ಮನೆ ಉಳಿಯಲಿಲ್ಲ. 1970ರ ದಶಕದಲ್ಲಿ ವಯಸ್ಸಾದವರಿಗೆ ಅಂತ ಎತ್ತರದ ಕಟ್ಟಡ ಎಬ್ಬಿಸೋಕೆ ಆ ಜಾಗ ಬೇಕಾಯಿತು, ಮನೆ ಕೆಡವೋ ಮಾತು ಬಂತು. ಊರಿನ ಕೆಲವರು ಬಿಡಲಿಲ್ಲ. 1975ರಲ್ಲಿ ಇಡೀ ಇಟ್ಟಿಗೆ ಮನೆಯನ್ನ ಹಾಗೇ ಎತ್ತಿ, ಸುಮಾರು ಇನ್ನೂರು ಅಡಿ ಆಚೆಗೆ ಸರಿಸಿ ಇಟ್ಟರು. ಹೊಸ ಕಟ್ಟಡಕ್ಕೆ ಕ್ಲಾರ್ಕ್ ಹೌಸ್ ಅಂತಲೇ ಹೆಸರಾಯಿತು. ಒಂದು ಊರು ತನ್ನ ಹಿರಿಯನನ್ನ ಮರೆಯೋಕೆ ಎಷ್ಟು ಹತ್ತಿರ ಹೋಗಿತ್ತು ನೋಡಿ. ನಾಳೆ ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಹೋಗೋಣ, ನೀವು ಕಾಕೂ ಇಬ್ಬರೂ ಬನ್ನಿ, ನಾನೇ ಕಾರು ತೆಗೀತೀನಿ. ಮೊದಲು ಆ ಮನೆ, ಆಮೇಲೆ ಗ್ರೀನ್‌ವುಡ್. ಚಿಪ್ಪನ್ನ ನೀವೇ ಇಟ್ಟುಕೊಳ್ಳಿ, ನನ್ನ ಹತ್ತಿರ ಇನ್ನೂ ಇವೆ.

ಅಂದಹಾಗೆ, ಮೊಮ್ಮಗ ಯಾವ ಶಾಲೆ ಅಂದಿರಿ? ಏಳನೇ ಕ್ಲಾಸು, ಜೂನಿಯರ್ ಹೈ. ಅದರ ಬೋರ್ಡ್ ಓದಿದೀರಾ? ಸೂಸನ್ ಕ್ಲಾರ್ಕ್ ಜೂನಿಯರ್ ಹೈ. ಈಚಿನ ವರ್ಷಗಳಲ್ಲಿ ಇಟ್ಟ ಹೆಸರು. ಹುಡುಗನಿಗೆ ಈಗ ಹನ್ನೆರಡು ಅಲ್ವಾ, ಆ ಮಗುವನ್ನ ಬಾಗಿಲಿಂದ ವಾಪಸ್ ಕಳಿಸಿದಾಗ ಅವಳಿಗಿದ್ದಷ್ಟೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ, ಅವನಿಗೆ ಅವಳು ಯಾರು ಅಂತ ಗೊತ್ತಾ ಅಂತ. ಗೊತ್ತಿಲ್ಲದಿದ್ದರೆ ಈಗ ಕೇಳಿದ್ದನ್ನ ನಿಮ್ಮ ಧಾರವಾಡದ ಮಾತಲ್ಲೇ ಹೇಳಿ. ನಾಳೆ ಶನಿವಾರ, ಅವನಿಗೂ ರಜಾ, ಅವನನ್ನೂ ಎಬ್ಬಿಸಿಕೊಂಡು ಬನ್ನಿ.